ಜಗಲಿಯ ಸೈಕಲ್ಲಿಗೆ ಮನೆಯ ವಿಮೆ ಆಸರೆಯಾದೀತೇ?

ಜೂನ್ ತಿಂಗಳ ಆರಂಭದಲ್ಲಿ ಕೇರಳದ ಶಾಲೆಗಳು ಬಾಗಿಲು ತೆರೆಯುವಾಗ ಮುಂಗಾರು ಮಳೆಯೂ ಹೊಸ್ತಿಲ ಬಳಿ ಬಂದಿರುತ್ತದೆ. ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಕಡೆಯ ಮನೆಗಳ ಜಗಲಿಯಲ್ಲಿ ಹೊಸ ಕೊಡೆ, ಹೊಸ ಚೀಲಗಳ ಬದಿಯಲ್ಲಿ ಕೆಲವೊಮ್ಮೆ ಒಂದು ಹೊಸ ಸೈಕಲ್ಲೂ ಕಾಣಸಿಗುತ್ತದೆ. ಹತ್ತನೆಯ ತರಗತಿಯ ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದ ಮಗಳಿಗೆ ತಂದೆ ಅಡಿಕೆ ಮಾರಿದ ಹಣದಲ್ಲಿ ಕೊಡಿಸಿದ್ದೋ, ಗಲ್ಫಿನಲ್ಲಿ ದುಡಿಯುವ ಸೋದರಮಾವ ರಜೆಗೆ ಬಂದಾಗ ತೆಗೆಸಿಕೊಟ್ಟದ್ದೋ ಆಗಿರುತ್ತದೆ ಅದು.

ಹಿಂದಿನ ಕಾಲದ ಸಾದಾ ಸೈಕಲ್ಲಿಗೂ ಇಂದಿನ ಸೈಕಲ್ಲಿಗೂ ಬೆಲೆಯಲ್ಲಿ ಹೋಲಿಕೆಯಿಲ್ಲ. ಗೇರು, ಡಿಸ್ಕ್ ಬ್ರೇಕುಗಳಿರುವ ಸೈಕಲ್ಲಿಗೆ 15,000ದಿಂದ 30,000 ರೂಪಾಯಿ ತೆರುವುದು ಈಗ ಅಪರೂಪವಲ್ಲ. ದೂರದ ಸವಾರಿಗೆಂದು ಕಾರ್ಬನ್ ಚೌಕಟ್ಟಿನ ಸೈಕಲ್ ಕೊಳ್ಳುವವರು ಲಕ್ಷ ರೂಪಾಯಿಯ ಗಡಿಯನ್ನೂ ದಾಟುತ್ತಾರೆ. ಇಷ್ಟು ಬೆಲೆಯ ವಸ್ತು ಒಂದು ಬೆಳಗ್ಗೆ ಜಗಲಿಯಿಂದ ಮಾಯವಾದರೆ ಮನೆಯವರು ಮೊದಲು ಸಮಾಧಾನಪಟ್ಟುಕೊಳ್ಳುವುದು ಒಂದೇ ಮಾತಿನಿಂದ: 'ಮನೆಗೆ ಇನ್ಶೂರೆನ್ಸ್ ಇದೆಯಲ್ಲ.' ಆದರೆ ಪಾಲಿಸಿಯ ಪುಟಗಳನ್ನು ತೆರೆದು ನೋಡಿದಾಗ ಆ ಸಮಾಧಾನ ಉಳಿಯುವುದು ಕಡಮೆ. ಗೃಹವಿಮೆ ಹುಟ್ಟಿಕೊಂಡದ್ದು ಮನೆಯಲ್ಲಿ ಸ್ಥಿರವಾಗಿರುವ ಸೊತ್ತುಗಳಿಗಾಗಿ. ಸೈಕಲ್ಲಾದರೋ ದಿನವೂ ಮನೆಯಿಂದ ಹೊರಗೆ ಹೋಗಿಬರುವ ಸೊತ್ತು. ತೊಡಕೆಲ್ಲ ಇರುವುದು ಇಲ್ಲಿಯೇ.

ನೋಂದಣಿಯಿಲ್ಲದ ಸೊತ್ತು

ಬೈಕು, ಸ್ಕೂಟರು, ಕಾರುಗಳಿಗೆ ನೋಂದಣಿ ಕಡ್ಡಾಯ. ಮೂರನೆಯ ವ್ಯಕ್ತಿಗೆ ಆಗಬಹುದಾದ ಹಾನಿಯ ವಿಮೆಯೂ ಕಡ್ಡಾಯ. 1988ರ ಮೋಟಾರು ವಾಹನ ಕಾಯಿದೆಯು 'ಮೋಟಾರು ವಾಹನ'ವೆಂದು ಕರೆಯುವುದು ಯಾಂತ್ರಿಕ ಶಕ್ತಿಯಿಂದ ಚಲಿಸುವ ವಾಹನವನ್ನು. ಕಾಲಿನಿಂದ ತುಳಿಯುವ ಸೈಕಲ್ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಮೆ ಇದ್ದು, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಉಳಿಯುವ ಹಗುರವಾದ ವಿದ್ಯುತ್ ಸೈಕಲ್ಲುಗಳಿಗೂ ಕೇಂದ್ರ ನಿಯಮಗಳು ವಿನಾಯಿತಿ ನೀಡಿವೆ.

ಈ ಸ್ವಾತಂತ್ರ್ಯಕ್ಕೆ ಒಂದು ಬೆಲೆಯಿದೆ. ಸೈಕಲ್ಲಿಗೆ ಆರ್‌ಸಿ ಪುಸ್ತಕವಿಲ್ಲ, ನಂಬರ್ ಪ್ಲೇಟಿಲ್ಲ. ಅದು ತನ್ನದೆಂದು ಸಾಬೀತುಪಡಿಸುವ ಹೊಣೆ ಪೂರ್ತಿಯಾಗಿ ಒಡೆಯನ ಮೇಲೆ ಬೀಳುತ್ತದೆ. ಅಂಗಡಿಯ ಬಿಲ್ಲು ಮತ್ತು ಚೌಕಟ್ಟಿನ ಮೇಲೆ ಕೆತ್ತಿರುವ ಸಂಖ್ಯೆ, ಇವೆರಡೇ ಅದರ ಜಾತಕ. ಸಾಮಾನ್ಯವಾಗಿ ಪೆಡಲುಗಳ ನಡುವಣ ಭಾಗದ ಅಡಿಯಲ್ಲಿ, ಸೈಕಲ್ಲನ್ನು ತಲೆಕೆಳಗು ಮಾಡಿದರೆ ಕಾಣುವಂತೆ, ಈ ಸಂಖ್ಯೆ ಇರುತ್ತದೆ. ಕೊಂಡ ದಿನವೇ ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೂ, ಸಂಖ್ಯೆಯ ಮತ್ತು ಇಡೀ ಸೈಕಲ್ಲಿನ ಚಿತ್ರ ತೆಗೆದಿಡುವುದೂ ಐದು ನಿಮಿಷದ ಕೆಲಸ. ವಿಮೆ ಇರಲಿ, ಇಲ್ಲದಿರಲಿ, ಈ ಕೆಲಸ ಮಾಡಿಡದವರಿಗೆ ಮುಂದಿನ ಯಾವ ದಾರಿಯೂ ಸುಗಮವಾಗದು.

ಗೃಹವಿಮೆಯ ಒಳಗೇನಿದೆ?

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿತು. ಯಾವ ಕಂಪೆನಿಯಿಂದ ಕೊಂಡರೂ ಇದರ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಮರ ಅಥವಾ ವಾಹನ ಬಂದೆರಗುವುದು, ಗಲಭೆ, ನೀರಿನ ಟ್ಯಾಂಕು ಒಡೆಯುವುದು ಮುಂತಾದ ಕಾರಣಗಳಿಂದ ಮನೆಗೂ ಮನೆಯ ಸಾಮಾನುಗಳಿಗೂ ಆಗುವ ಹಾನಿಯನ್ನು ಇದು ತುಂಬಿಕೊಡುತ್ತದೆ. ಕಟ್ಟಡದ ಜೊತೆಗೆ ಸಾಮಾನುಗಳ ರಕ್ಷಣೆಯನ್ನೂ ಪಡೆದಾಗ, ಕಟ್ಟಡದ ವಿಮಾ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಸಾಮಾನುಗಳಿಗೆ ಪ್ರತ್ಯೇಕ ಪಟ್ಟಿಯಿಲ್ಲದೆಯೇ ರಕ್ಷಣೆ ದೊರೆಯುತ್ತದೆ. ಬಾಡಿಗೆ ಮನೆಯಲ್ಲಿರುವವರು ಸಾಮಾನುಗಳಿಗೆ ಮಾತ್ರವೂ ವಿಮೆ ಮಾಡಿಸಬಹುದು.

ಬ್ಯಾಂಕಿನಿಂದ ಗೃಹಸಾಲ ಪಡೆದವರು ಒಂದು ವಿಷಯವನ್ನು ಪರಿಶೀಲಿಸಿಕೊಳ್ಳಬೇಕು. ಸಾಲದ ಜೊತೆಗೆ ಮಾಡಿಸಿದ ಪಾಲಿಸಿ ಅನೇಕ ಸಲ ಕಟ್ಟಡಕ್ಕಷ್ಟೇ ಸೀಮಿತವಾಗಿರುತ್ತದೆ. ಅಂಥ ಪಾಲಿಸಿಯಲ್ಲಿ ಸೈಕಲ್ ಮಾತ್ರವಲ್ಲ, ಮನೆಯೊಳಗಿನ ಕಪಾಟಿಗೂ ರಕ್ಷಣೆಯಿರುವುದಿಲ್ಲ.

ಸಾಮಾನುಗಳ ರಕ್ಷಣೆ ಇದ್ದಲ್ಲಿಯೂ ಎರಡು ಷರತ್ತುಗಳು ಸೈಕಲ್ಲಿಗೆ ಅಡ್ಡ ನಿಲ್ಲುತ್ತವೆ. ಮೊದಲನೆಯದು, ಮನೆಯಿಂದ ಬೇರೆಡೆಗೆ ಒಯ್ದ ಸೊತ್ತಿಗೆ ಆದ ನಷ್ಟವನ್ನು ಈ ಪಾಲಿಸಿ ಭರಿಸುವುದಿಲ್ಲ. ಶಾಲೆಯ ಆವರಣದಲ್ಲಿ, ಟ್ಯೂಷನ್ ತರಗತಿಯ ಎದುರಿನಲ್ಲಿ, ರೈಲು ನಿಲ್ದಾಣದ ಬೇಲಿಯ ಬದಿಯಲ್ಲಿ ನಿಲ್ಲಿಸಿದ ಸೈಕಲ್ ಈ ರಕ್ಷಣೆಯ ಹೊರಗೆ ಉಳಿಯಿತು.

ಎರಡನೆಯದು ಕಳವಿಗೆ ಸಂಬಂಧಿಸಿದ್ದು. ಈ ಪಾಲಿಸಿಯಲ್ಲಿ ಕಳವಿನ ಉಲ್ಲೇಖವಿದೆ, ನಿಜ. ಆದರೆ ಅದು ಮೇಲೆ ಹೇಳಿದ ಅನಾಹುತಗಳಲ್ಲೊಂದು ಸಂಭವಿಸಿದ 7 ದಿನಗಳೊಳಗೆ, ಆ ಅನಾಹುತದ ಪರಿಣಾಮವಾಗಿಯೇ ನಡೆದ ಕಳವಿಗೆ ಮಾತ್ರ ಅನ್ವಯಿಸುತ್ತದೆ. ಬಿರುಗಾಳಿಗೆ ಮಾಡು ಹಾರಿಹೋಗಿ ಮನೆಯವರು ನೆಂಟರ ಮನೆಗೆ ತೆರಳಿದ್ದಾಗ ಸೈಕಲ್ ಕದ್ದು ಹೋದರೆ ಪರಿಹಾರ ಕೇಳಬಹುದು. ಒಂದು ಸಾಮಾನ್ಯ ರಾತ್ರಿ ಕಳ್ಳ ಬಂದು ಒಯ್ದರೆ ಮೂಲ ಪಾಲಿಸಿಯಲ್ಲಿ ಪರಿಹಾರವಿಲ್ಲ. ಅದಕ್ಕೆ ಕಳವಿನ ಹೆಚ್ಚುವರಿ ರಕ್ಷಣೆಯನ್ನು ಬೇರೆಯಾಗಿಯೇ ಪಡೆದಿರಬೇಕು.

ವಿದ್ಯುತ್ ಸೈಕಲ್ ಇರುವವರಿಗೆ ಇನ್ನೊಂದು ಎಚ್ಚರಿಕೆ. ವಿದ್ಯುತ್ ಉಪಕರಣವು ಶಾರ್ಟ್ ಸರ್ಕೀಟಿನಿಂದಲೋ ತಾನಾಗಿ ಬಿಸಿಯೇರಿಯೋ ಕೆಟ್ಟರೆ, ಆ ಉಪಕರಣದ ನಷ್ಟವನ್ನು ಪಾಲಿಸಿ ಹೊರಗಿಡುತ್ತದೆ. ಅದರಿಂದ ಹಬ್ಬಿದ ಬೆಂಕಿಯಿಂದ ಮನೆಯ ಉಳಿದ ಸೊತ್ತುಗಳಿಗೆ ಆದ ಹಾನಿಗೆ ಮಾತ್ರ ಈ ನಿಷೇಧ ತಗಲುವುದಿಲ್ಲ.

'ವಾಹನ' ಎಂಬ ಒಂದು ಪದ

ಇಷ್ಟೆಲ್ಲ ದಾಟಿ ಬಂದರೂ ಇನ್ನೊಂದು ಕಡೆ ಕಾಲು ತೊಡರುತ್ತದೆ. ಪಾಲಿಸಿಯ ಹೊರಗಿಡಲಾದ ಸೊತ್ತುಗಳ ಪಟ್ಟಿಯಲ್ಲಿ ನಗದು, ಚೆಕ್ಕು, ದಾಖಲೆಪತ್ರ, ಸ್ಫೋಟಕಗಳ ಸಾಲಿನಲ್ಲಿ 'ವಾಹನಗಳು' ಎಂಬ ಪದವೂ ಸೇರಿದೆ. ಪಾಲಿಸಿಯಲ್ಲಿ ಸ್ಪಷ್ಟವಾಗಿ ನಮೂದಿಸದ ಹೊರತು ಇವುಗಳಿಗೆ ರಕ್ಷಣೆಯಿಲ್ಲ ಎಂಬುದು ಷರತ್ತು.

ಹಿತ್ತಿಲ ತೆಂಗಿನಮರ ಗಾಳಿಗೆ ಉರುಳಿ ಜಗಲಿಯ ಮಾಡನ್ನೂ ಅಲ್ಲಿದ್ದ ಸೈಕಲ್ಲನ್ನೂ ಜಜ್ಜಿತೆಂದು ಭಾವಿಸಬಹುದು. ಮರ ಬಿದ್ದುದು ವಿಮೆಯ ವ್ಯಾಪ್ತಿಯ ಘಟನೆ. ಮಾಡಿಗೆ ಪರಿಹಾರ ಬರುತ್ತದೆ. ಸೈಕಲ್ಲಿನ ಬಗ್ಗೆ ಕಂಪೆನಿಯು, 'ಇದು ವಾಹನ, ಇದರ ಹೆಸರು ಪಾಲಿಸಿಯಲ್ಲಿಲ್ಲ' ಎನ್ನಬಹುದು. ಪಾಲಿಸಿದಾರರ ಪರವಾಗಿಯೂ ಗಟ್ಟಿಯಾದ ವಾದವಿದೆ. ವಿಮಾ ಪತ್ರದ ಪದವೊಂದು ಎರಡು ಅರ್ಥಕ್ಕೆ ಎಡೆಗೊಟ್ಟರೆ, ಅದನ್ನು ಬರೆದ ಕಂಪೆನಿಯ ವಿರುದ್ಧವಾಗಿ ಅರ್ಥೈಸಬೇಕೆಂಬುದು ನ್ಯಾಯಾಲಯಗಳು ಒಪ್ಪಿಕೊಂಡು ಬಂದ ತತ್ತ್ವ. ಮಕ್ಕಳ ಸೈಕಲ್ಲನ್ನೂ ಮೋಟಾರು ವಾಹನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ವಾದಿಸಲು ಅವಕಾಶವಿದೆ.

ಆದರೆ ವಾದವಿದೆ ಎಂಬುದಕ್ಕೂ ಹಣ ಕೈಸೇರಿತು ಎಂಬುದಕ್ಕೂ ನಡುವೆ ವರ್ಷಗಳ ಅಂತರವಿರಬಹುದು. 20,000 ರೂಪಾಯಿಯ ಸೈಕಲ್ಲಿಗಾಗಿ ಆಯೋಗದ ಮೆಟ್ಟಿಲು ಹತ್ತಿಳಿಯುವುದಕ್ಕಿಂತ, ಪಾಲಿಸಿ ಮಾಡಿಸುವ ದಿನವೇ ಅದರ ಹೆಸರನ್ನು ಬರೆಯಿಸಿಬಿಡುವುದು ಲೇಸು. ತಯಾರಕರ ಹೆಸರು, ಮಾದರಿ, ಚೌಕಟ್ಟಿನ ಸಂಖ್ಯೆ, ಬೆಲೆ ಈ ನಾಲ್ಕೂ ಪಾಲಿಸಿಯ ಷೆಡ್ಯೂಲಿನಲ್ಲಿ ಅಚ್ಚಾಗಿರಬೇಕು. ಏಜೆಂಟರು ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಷೆಡ್ಯೂಲಿನ ಸ್ಥಾನವನ್ನು ತುಂಬಲಾರದು.

ಕಳವು ಬೇರೆ, ಕನ್ನ ಬೇರೆ

ಕಳವಿನ ಹೆಚ್ಚುವರಿ ರಕ್ಷಣೆ ಪಡೆದವರಿಗೂ ಒಂದು ಪ್ರಶ್ನೆ ಉಳಿಯುತ್ತದೆ: ಪಾಲಿಸಿಯಲ್ಲಿ ಬರೆದಿರುವುದು ಯಾವ ಕಳವು? ಆಡುಮಾತಿನಲ್ಲಿ ಕದ್ದದ್ದೆಲ್ಲ ಕಳವೇ. ವಿಮೆಯ ಭಾಷೆಯಲ್ಲಿ ಹಾಗಲ್ಲ. 'ಬರ್ಗ್ಲರಿ' ಎಂದು ಬರೆದಿರುವ ಪಾಲಿಸಿಗಳು ಸಾಮಾನ್ಯವಾಗಿ ಬಲಪ್ರಯೋಗದಿಂದ ಒಳನುಗ್ಗಿ ಮಾಡಿದ ಕಳವನ್ನು ಮಾತ್ರ ಒಪ್ಪುತ್ತವೆ. ಬೀಗ ಮುರಿದ ಗುರುತು, ಕಿಟಕಿಯ ಸರಳು ಬಗ್ಗಿಸಿದ ಗುರುತು, ಹೆಂಚು ತೆಗೆದ ಗುರುತು ಏನಾದರೊಂದು ಇರಬೇಕಾಗುತ್ತದೆ.

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ನೀಡಿದ ತೀರ್ಪೊಂದು ದಾರಿದೀಪದಂತಿದೆ. ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕಂಪೆನಿ ಮತ್ತು ಹರಚಂದ್ ರಾಯ್ ಚಂದನ್ ಲಾಲ್ ಎಂಬ ವ್ಯಾಪಾರಿ ಸಂಸ್ಥೆಯ ನಡುವಣ ಪ್ರಕರಣವದು. ಕಳವಾದುದರ ಬಗ್ಗೆ ಪೊಲೀಸರಲ್ಲಿ ಪ್ರಕರಣ ದಾಖಲಾಗಿತ್ತು. ಗ್ರಾಹಕ ವೇದಿಕೆಗಳು ವ್ಯಾಪಾರಿಯ ಪರವಾಗಿ ತೀರ್ಮಾನಿಸಿದ್ದವು. ಆದರೆ ಬಲಪ್ರಯೋಗದ ಒಳಪ್ರವೇಶವಿರಬೇಕೆಂದು ಪಾಲಿಸಿಯೇ ಹೇಳಿರುವಾಗ, ಅದಿಲ್ಲದ ಕಳವಿಗೆ ಪರಿಹಾರ ಕೊಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ ಕಂಪೆನಿಯ ಮೇಲ್ಮನವಿಯನ್ನು ಎತ್ತಿಹಿಡಿಯಿತು. ಇಂಥ ಬಿಗಿಯಾದ ವ್ಯಾಖ್ಯೆ ಜನಸಾಮಾನ್ಯರಿಗೆ ಅರ್ಥವಾಗುವುದು ಕಷ್ಟ, ಕಂಪೆನಿಗಳು ಇದನ್ನು ತಿದ್ದಿಕೊಳ್ಳಬೇಕು ಎಂದು ನ್ಯಾಯಾಲಯವೇ ಅದೇ ತೀರ್ಪಿನಲ್ಲಿ ಅಭಿಪ್ರಾಯಪಟ್ಟಿತೆಂಬುದೂ ಗಮನಾರ್ಹ.

ಈ ತೀರ್ಪನ್ನು ನಮ್ಮೂರಿನ ಮನೆಗಳಿಗೆ ಅನ್ವಯಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಬೀಗ ಹಾಕಿದ ಕೋಣೆಯ ಬಾಗಿಲು ಮುರಿದು ಸೈಕಲ್ ಒಯ್ದರೆ ಅದು ಕನ್ನ. ತೆರೆದ ಜಗಲಿಯಿಂದ, ಅಂಗಳದಿಂದ, ಬಾಗಿಲಿಲ್ಲದ ಸಿಟೌಟಿನಿಂದ ಸದ್ದಿಲ್ಲದೆ ಉರುಳಿಸಿಕೊಂಡು ಹೋದರೆ ಅದು ಬರಿಯ ಕಳವು. ಎರಡರಲ್ಲೂ ಮಗುವಿನ ನಷ್ಟ ಒಂದೇ. ಪಾಲಿಸಿಯ ಕಣ್ಣಿಗೆ ಮಾತ್ರ ಎರಡೂ ಬೇರೆ ಬೇರೆ. ಆದುದರಿಂದ ರಕ್ಷಣೆ ಪಡೆಯುವಾಗ 'ಬರ್ಗ್ಲರಿ'ಯ ಜೊತೆಗೆ 'ತೆಫ್ಟ್' ಎಂಬ ಪದವೂ ಇದೆಯೇ ಎಂದು ಕೇಳಿ ನೋಡಬೇಕು. ಅದಿಲ್ಲವಾದರೆ ರಾತ್ರಿ ಸೈಕಲ್ಲನ್ನು ಒಳಗಿಟ್ಟು ಬೀಗ ಹಾಕುವುದೇ ಕ್ಷೇಮ.

ಸೈಕಲ್ಲಿಗೆಂದೇ ಒಂದು ವಿಭಾಗ

ಹಾಗಾದರೆ ಸೈಕಲ್ಲಿಗೆ ಆಸರೆಯೇ ಇಲ್ಲವೇ? ಇದೆ. ಸಾರ್ವಜನಿಕ ವಲಯದ ವಿಮಾ ಕಂಪೆನಿಗಳು ಬಹುಕಾಲದಿಂದ ಮಾರುತ್ತ ಬಂದಿರುವ 'ಹೌಸ್‌ಹೋಲ್ಡರ್ಸ್' ಪಾಲಿಸಿಯು ಹಲವು ವಿಭಾಗಗಳ ಒಂದು ಕಟ್ಟು. ಬೆಂಕಿ, ಕನ್ನಗಳವು, ಒಡವೆ, ಗೃಹೋಪಯೋಗಿ ಯಂತ್ರ, ಪ್ರಯಾಣದ ಸಾಮಾನು ಇತ್ಯಾದಿಗಳ ನಡುವೆ 'ಪೆಡಲ್ ಸೈಕಲ್' ಎಂಬ ವಿಭಾಗವೂ ಅದರಲ್ಲಿರುತ್ತದೆ. ಹೆಚ್ಚಿನವರು ಅದನ್ನು ಕೇಳುವುದಿಲ್ಲ; ಕೇಳದೆ ಇದ್ದರೆ ಏಜೆಂಟರು ಹೇಳುವುದೂ ಅಪರೂಪ.

ಈ ವಿಭಾಗದಲ್ಲಿ ಬೆಂಕಿ, ಕಳವುಗಳಷ್ಟೇ ಅಲ್ಲದೆ ಹೊರಗಿನ ಕಾರಣದಿಂದಾಗುವ ಅಪಘಾತದ ಹಾನಿಗೂ ರಕ್ಷಣೆಯಿರುತ್ತದೆ. ಸವಾರನಿಂದ ದಾರಿಹೋಕರಿಗೆ ಪೆಟ್ಟಾದರೆ, ಇನ್ನೊಬ್ಬರ ಸೊತ್ತಿಗೆ ಹಾನಿಯಾದರೆ ಕಾನೂನುಬದ್ಧವಾಗಿ ತೆರಬೇಕಾಗುವ ಪರಿಹಾರವನ್ನೂ ಒಂದು ಮಿತಿಯೊಳಗೆ ಅದು ಭರಿಸುತ್ತದೆ. ಇಳಿಜಾರಿನ ತಿರುವಿನಲ್ಲಿ ಮಕ್ಕಳ ಸೈಕಲ್ ವಯೋವೃದ್ಧರೊಬ್ಬರಿಗೆ ತಗಲಿದರೆ ಆಸ್ಪತ್ರೆಯ ಖರ್ಚು ಸೈಕಲ್ಲಿನ ಬೆಲೆಯನ್ನು ಮೀರುವುದುಂಟು. ಆ ದೃಷ್ಟಿಯಿಂದ ಸೈಕಲ್ಲಿನ ಬೆಲೆಗಿಂತಲೂ ಈ ಭಾಗವೇ ಮುಖ್ಯವಾದೀತು.

ಈ ವಿಭಾಗಕ್ಕೂ ಎಲ್ಲೆಗಳಿವೆ. ಸೈಕಲ್ ಉಳಿದು ದೀಪ, ಗಂಟೆ, ಮೀಟರುಗಳಷ್ಟೇ ಕದ್ದುಹೋದರೆ ಸಾಮಾನ್ಯವಾಗಿ ಪರಿಹಾರವಿಲ್ಲ. ಸ್ಪರ್ಧೆಯಲ್ಲಿ ಓಡಿಸುವಾಗ, ಬಾಡಿಗೆಗೆ ಕೊಟ್ಟಿರುವಾಗ ಆದ ಹಾನಿಗೂ ಇಲ್ಲ. ಸವೆತ, ತುಕ್ಕು, ಯಂತ್ರಭಾಗಗಳ ಕೆಡುವಿಕೆಗೂ ಇಲ್ಲ. ಜಿಲ್ಲಾ ಮಟ್ಟದ ಸೈಕ್ಲಿಂಗ್ ಸ್ಪರ್ಧೆಗೆ ಅಭ್ಯಾಸ ಮಾಡುವ ಮಕ್ಕಳ ಪೋಷಕರು ಈ ಷರತ್ತನ್ನು ವಿಶೇಷವಾಗಿ ಗಮನಿಸಬೇಕು. ಪಾಲಿಸಿ ತಂದೆಯ ಹೆಸರಿನಲ್ಲಿದ್ದು ಸೈಕಲ್ ತುಳಿಯುವವಳು ಮಗಳಾದರೆ, ಜೊತೆಯಲ್ಲಿ ವಾಸಿಸುವ ಕುಟುಂಬದವರಿಗೂ ರಕ್ಷಣೆ ಅನ್ವಯಿಸುವುದೇ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಕಂಪೆನಿಯಿಂದ ಕಂಪೆನಿಗೆ ಷರತ್ತುಗಳು ಬದಲಾಗುತ್ತವೆ.

ಎಷ್ಟು ಮೊತ್ತಕ್ಕೆ?

ಕಂತು ಉಳಿಸಲೆಂದು ಸಾಮಾನುಗಳ ಮೌಲ್ಯವನ್ನು ಕಡಮೆ ತೋರಿಸುವುದು ಹಲವರ ರೂಢಿ. ಹಳೆಯ ಬಗೆಯ ಪಾಲಿಸಿಗಳಲ್ಲಿ ಇದರ ಪೆಟ್ಟು ಕ್ಲೇಮಿನ ದಿನ ತಿಳಿಯುತ್ತದೆ. 4 ಲಕ್ಷ ರೂಪಾಯಿಯ ಸಾಮಾನುಗಳಿರುವ ಮನೆಗೆ 2 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 30,000 ರೂಪಾಯಿ ನಷ್ಟಕ್ಕೆ ಸಿಗುವುದು 15,000 ಮಾತ್ರ. ಉಳಿದರ್ಧಕ್ಕೆ ಮನೆಯವರೇ ವಿಮಾದಾರರು ಎಂಬ ಲೆಕ್ಕ. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತವನ್ನು ಕೈಬಿಡಲಾಗಿದೆ.

ಎಲ್ಲ ಸೈಕಲ್ಲಿಗೂ ವಿಮೆ ಬೇಕೆಂದೇನೂ ಇಲ್ಲ. ಐದಾರು ಸಾವಿರದ ಸೈಕಲ್ಲಿಗೆ ಗಟ್ಟಿಯಾದೊಂದು ಬೀಗವೇ ಅಗ್ಗದ ವಿಮೆ. ಕಳೆದುಹೋದರೆ ಮತ್ತೆ ಕೊಳ್ಳಲು ಮನೆಯ ಖರ್ಚನ್ನು ತಿಂಗಳುಗಟ್ಟಲೆ ಹಿಡಿದಿಡಬೇಕಾಗುವಷ್ಟು ಬೆಲೆಯದಾದರೆ ಮಾತ್ರ ವಿಮೆಯ ಯೋಚನೆ ಸಾರ್ಥಕ.

ಕಳವಾದ ದಿನ

ಸೈಕಲ್ ಕಾಣೆಯಾದರೆ ಮೊದಲ ಹೆಜ್ಜೆ ಪೊಲೀಸ್ ಠಾಣೆಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಕಳವಿನ ಅಪರಾಧವನ್ನು ಕುರಿತದ್ದು. ಕದ್ದ ಸೊತ್ತಿನ ಮೌಲ್ಯ 5,000 ರೂಪಾಯಿಗಿಂತ ಕಡಮೆಯಿದ್ದರೆ ಹೊಸ ಕಾನೂನು ಅದನ್ನು ಹಗುರವಾದ ಅಪರಾಧವಾಗಿ ಕಾಣುತ್ತದೆ. ಆದಕಾರಣ ಬೆಲೆಯನ್ನು ತೋರಿಸುವ ಬಿಲ್ಲು ದೂರಿನೊಂದಿಗೇ ಇರುವುದು ಒಳ್ಳೆಯದು. ದಾಖಲಾದ ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ವಿಧಿಸುತ್ತದೆ. ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳದಿದ್ದರೆ ಅದನ್ನು ಜಿಲ್ಲಾ ಪೊಲೀಸ್ ವರಿಷ್ಠರಿಗೆ ಬರಹದಲ್ಲಿ ಕಳುಹಿಸಲು ಅದೇ ಕಲಮಿನಲ್ಲಿ ಅವಕಾಶವಿದೆ.

ದೂರನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂಬ ಅಳುಕು ಗಡಿನಾಡಿನ ಕನ್ನಡಿಗರಿಗೆ ಹೊಸದಲ್ಲ. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ನೀಡಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಲು ಅನುಮತಿಸುತ್ತದೆ. ಆಗದ ಭಾಷೆಯಲ್ಲಿ ಯಾರೋ ಬರೆದುಕೊಟ್ಟ ದೂರಿಗೆ ಸಹಿ ಹಾಕಿ, ಅದರಲ್ಲಿ 'ಬೀಗ ಮುರಿದು' ಎಂಬ ಮಾತು ಬಿಟ್ಟುಹೋದರೆ, ಆ ಒಂದು ಲೋಪ ವಿಮಾ ಕ್ಲೇಮನ್ನೇ ಕೆಡಿಸಬಹುದು. ಕನ್ನಡದಲ್ಲಿಯೇ ನಡೆದದ್ದನ್ನು ನಡೆದಂತೆ ಬರೆದು, ಒಂದು ಪ್ರತಿಗೆ ಠಾಣೆಯ ಮುದ್ರೆ ಹಾಕಿಸಿಕೊಳ್ಳುವುದು ವಿವೇಕ. ನಡೆಯದ್ದನ್ನು ಸೇರಿಸುವುದು ಮಾತ್ರ ಸಲ್ಲದು. ಸುಳ್ಳು ಹೇಳಿಕೆ ಇಡೀ ಕ್ಲೇಮನ್ನು ಮುಳುಗಿಸುತ್ತದೆ.

ಅದೇ ದಿನ ಕಂಪೆನಿಗೂ ಇಮೇಲ್ ಅಥವಾ ನೋಂದಾಯಿತ ಅಂಚೆಯ ಮೂಲಕ ತಿಳಿಸಬೇಕು. ವಾಹನ ಕಳವಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2020ರಲ್ಲಿ, ಪೊಲೀಸರಿಗೆ ಕೂಡಲೇ ದೂರು ನೀಡಿದ್ದಲ್ಲಿ ಕಂಪೆನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಪ್ರಾಮಾಣಿಕ ಕ್ಲೇಮನ್ನು ತಿರಸ್ಕರಿಸಲಾಗದೆಂದು ಹೇಳಿದೆ. ಆದರೂ ತಡಮಾಡಿ ಆ ತೀರ್ಪಿನ ಆಸರೆ ಹುಡುಕುವುದಕ್ಕಿಂತ, ತಡಮಾಡದಿರುವುದೇ ಮೇಲು.

ನಿರಾಕರಣೆ ಬಂದರೆ

ಕ್ಲೇಮು ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಪಡೆಯಬೇಕು. ಮೊದಲು ಕಂಪೆನಿಯ ಕುಂದುಕೊರತೆ ಅಧಿಕಾರಿಗೆ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಕೇರಳದವರಿಗೆ ಈ ಕಚೇರಿ ಕೊಚ್ಚಿಯಲ್ಲಿದೆ. ನಿರಾಕರಣೆಯ ಒಂದು ವರ್ಷದೊಳಗೆ ದೂರು ಸಲ್ಲಬೇಕು. ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ತೆರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಎರಡು ವರ್ಷಗಳೊಳಗೆ, ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು.

ಇವೆಲ್ಲಕ್ಕೂ ಮೊದಲಿನದು ಪ್ರಸ್ತಾವನಾ ಪತ್ರಕ್ಕೆ ಸಹಿ ಹಾಕುವ ಗಳಿಗೆ. ಆ ಪತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ತಂದೆತಾಯಿಗಳು ಸಂಕೋಚದಿಂದ ಏಜೆಂಟರು ತೋರಿಸಿದಲ್ಲಿ ಸಹಿ ಹಾಕಿಬಿಡುತ್ತಾರೆ. ಸಂಕೋಚಪಡಲು ಕಾರಣವಿಲ್ಲ. ಅರ್ಥವಾಗದ ಷರತ್ತನ್ನು ಅರ್ಥವಾಗುವ ಭಾಷೆಯಲ್ಲಿ ವಿವರಿಸಿರೆಂದು ಕೇಳುವುದು ಕಂತು ಕಟ್ಟುವವರ ಹಕ್ಕು. ಸೈಕಲ್ಲಿನ ಹೆಸರು ಷೆಡ್ಯೂಲಿನಲ್ಲಿದೆಯೇ? ಮನೆಯ ಹೊರಗೂ ರಕ್ಷಣೆ ಇದೆಯೇ? ಬೀಗ ಮುರಿಯದೆ ಕದ್ದರೂ ಪರಿಹಾರ ಸಿಗುವುದೇ? ಈ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ದೊರೆತ ಬಳಿಕ ಸಹಿ ಹಾಕಿದರೆ ಸಾಕು.